ಗೆಂಕಿ ಸುಡೋ ಅವರ ಪಂದ್ಯಗಳನ್ನು ನೋಡುವ ಕ್ರಮ

ಜಪಾನಿನ ಎಂಎಂಎ (ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲವೂ ಸಲ್ಲುವ ಮಿಶ್ರ ಸಮರಕಲೆ) ಹೋರಾಟಗಾರ ಗೆಂಕಿ ಸುಡೋ ಅವರ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದವರಿಗೆ ಮೊದಲು ಸಿಗುವುದು ಬಹುತೇಕ ಅವರ ಪ್ರವೇಶದ ತುಣುಕುಗಳೇ: ವಿಚಿತ್ರ ವೇಷ, ಜೊತೆಗೆ ಕುಣಿಯುವ ತಂಡ, ಯಂತ್ರಮಾನವನಂತೆ ಕೈಕಾಲು ಆಡಿಸುತ್ತ ರಿಂಗಿನತ್ತ ಸಾಗುವ ಸಪೂರ ಮೈಕಟ್ಟಿನ ಯುವಕ. ಅಷ್ಟನ್ನೇ ನೋಡಿದವರು ಇವರು ಬರೀ ತಮಾಷೆಯ ಮನುಷ್ಯ ಎಂದುಕೊಳ್ಳುತ್ತಾರೆ. ಪ್ರವೇಶವನ್ನು ಬಿಟ್ಟು ಪಂದ್ಯವನ್ನಷ್ಟೇ ನೋಡಿದವರಿಗೂ ಅರ್ಧ ಮನುಷ್ಯನೇ ಸಿಗುತ್ತಾರೆ. ಎದುರಾಳಿಯ ಎಣಿಕೆಯನ್ನು ತಪ್ಪಿಸುವ ಕೆಲಸವನ್ನು ಸುಡೋ ಪ್ರವೇಶದಿಂದಲೇ ಆರಂಭಿಸುತ್ತಿದ್ದರು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ಕಣ್ಣಿಗೆ ಕಾಣಬೇಕಾದರೆ ಅವರ ಪಂದ್ಯಗಳನ್ನು ಒಂದು ಕ್ರಮದಲ್ಲಿ ನೋಡಬೇಕು.

ಮೊದಲು ಬೇಕಾದಷ್ಟು ಹಿನ್ನೆಲೆ. ಸುಡೋ ಹುಟ್ಟಿದ್ದು 1978ರ ಮಾರ್ಚ್ 8ರಂದು, ಟೋಕಿಯೊದಲ್ಲಿ. ಶಾಲಾ ದಿನಗಳಲ್ಲಿಯೇ ಕುಸ್ತಿ ಕಲಿತರು, ಬಳಿಕ ಅಮೆರಿಕಕ್ಕೆ ಹೋಗಿ, ನೆಲದ ಮೇಲೆ ಪಟ್ಟು ಹಾಕಿ ಎದುರಾಳಿಯನ್ನು ಮಣಿಸುವ ಜಿಯು-ಜಿತ್ಸು ಕಲೆಯ ಅಭ್ಯಾಸ ಮಾಡಿದರು, ಜಪಾನಿನ ಪ್ಯಾನ್‌ಕ್ರೇಸ್ ಸಂಸ್ಥೆಯ ಮೂಲಕ ವೃತ್ತಿರಂಗಕ್ಕೆ ಬಂದರು. ಸುಮಾರು 70 ಕಿಲೋ ತೂಕದ ವರ್ಗದಲ್ಲಿ ಸೆಣಸುತ್ತಿದ್ದ ಅವರು 16 ಗೆಲುವು, 4 ಸೋಲು ಮತ್ತು ಒಂದು ಸಮಬಲದೊಂದಿಗೆ ಎಂಎಂಎ ಬದುಕನ್ನು ಮುಗಿಸಿದರು. ಇಷ್ಟು ತಿಳಿದಿದ್ದರೆ ಆರಂಭಕ್ಕೆ ಸಾಕು.

ಮೈಸೂರಿನ ದಸರಾ ಕುಸ್ತಿಯನ್ನೋ ಊರ ಜಾತ್ರೆಯ ಕುಸ್ತಿಯನ್ನೋ ನೋಡಿ ಬೆಳೆದವರು ಒಂದು ಅಭ್ಯಾಸವನ್ನು ಬದಿಗಿಡಬೇಕಾಗುತ್ತದೆ. ನಮ್ಮ ಅಖಾಡದಲ್ಲಿ ಪೈಲ್ವಾನ ಚಿತ್ ಆದರೆ ಪಂದ್ಯ ಮುಗಿಯಿತು. ಎಂಎಂಎಯಲ್ಲಿ ಬೆನ್ನು ನೆಲಕ್ಕೆ ತಾಗಿದವನೂ ಗೆಲ್ಲಬಲ್ಲ, ಕೆಲವರಿಗಂತೂ ಅದೇ ಗೆಲ್ಲುವ ಜಾಗ. ಆದ್ದರಿಂದ ಸುಡೋ ಕೆಳಗೆ ಬಿದ್ದ ಕೂಡಲೇ ಸೋತರೆಂದು ತಿಳಿಯದೆ, ಆ ಕ್ಷಣದಿಂದ ಅವರ ಸೊಂಟ ಮತ್ತು ಕಾಲುಗಳನ್ನೇ ಗಮನಿಸಿ.

ಇದನ್ನು ಕಲಿಯಲು ಅತ್ಯುತ್ತಮ ಪಂದ್ಯ 2004ರ ಏಪ್ರಿಲ್ 2ರಂದು ಲಾಸ್ ವೇಗಸ್‌ನಲ್ಲಿ ನಡೆದ, ಅಮೆರಿಕದ ಎಂಎಂಎ ಸಂಸ್ಥೆಯಾದ ಯುಎಫ್‌ಸಿಯ ‘ಯುಎಫ್‌ಸಿ 47’ ಕೂಟದ್ದು. ಹಾಗಾಗಿ ಅಲ್ಲಿಂದಲೇ ಆರಂಭಿಸಬೇಕೆಂದು ನಾನು ಹೇಳುತ್ತೇನೆ. ಎದುರಾಳಿ ಅಮೆರಿಕದ ಮೈಕ್ ಬ್ರೌನ್. ಮುಂದೆ 2008ರಲ್ಲಿ ಯುರೈಯಾ ಫೇಬರ್ ಅವರನ್ನು ಮಣಿಸಿ ಡಬ್ಲ್ಯುಇಸಿ ಎಂಬ ಎಂಎಂಎ ಸಂಸ್ಥೆಯ ಫೆದರ್‌ವೇಟ್ ವರ್ಗದ ಚಾಂಪಿಯನ್ ಆದ ಗಟ್ಟಿ ಕುಸ್ತಿಪಟು. ಅವರನ್ನು ಸುಡೋ ಮೊದಲ ಸುತ್ತಿನಲ್ಲಿಯೇ ಶರಣಾಗಿಸಿದರು. ಅಲ್ಲಿ ಬಿಗಿದದ್ದು ಟ್ರಯಾಂಗಲ್ ಎಂಬ ಪಟ್ಟು: ಎದುರಾಳಿಯ ಒಂದು ತೋಳನ್ನು ಒಳಗೆ, ಇನ್ನೊಂದನ್ನು ಹೊರಗೆ ಬಿಟ್ಟು, ಕತ್ತಿನ ಮೇಲೆ ಒಂದು ಕಾಲನ್ನು ಅಡ್ಡ ಹಾಕಿ, ಆ ಕಾಲಿನ ಕಣಕಾಲನ್ನು ಇನ್ನೊಂದು ಮಂಡಿಯ ಹಿಂಬದಿಯಲ್ಲಿ ಸಿಕ್ಕಿಸಿ ಬಿಗಿಯುವುದು. ಆಗ ಕತ್ತಿನ ಒಂದು ಬದಿಯನ್ನು ತೊಡೆ ಒತ್ತಿದರೆ ಇನ್ನೊಂದು ಬದಿಯನ್ನು ಎದುರಾಳಿಯ ಸ್ವಂತ ಭುಜವೇ ಒತ್ತುತ್ತದೆ. ಮಿದುಳಿಗೆ ಹೋಗುವ ರಕ್ತ ತಗ್ಗುತ್ತದೆ. ಬಿಡಿಸಿಕೊಳ್ಳದಿದ್ದರೆ ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಕಾಲುಗಳ ಈ ತ್ರಿಕೋನದಲ್ಲಿ ಸಿಕ್ಕಿಬಿದ್ದ ತೋಳನ್ನೇ ಹಿಡಿದು ಮೊಣಕೈಯನ್ನು ಹಿಂದಕ್ಕೆ ಬಾಗಿಸುವುದು ಆರ್ಮ್‌ಬಾರ್. ಬ್ರೌನ್ ಕೈ ತಟ್ಟಿ ಸೋಲೊಪ್ಪಿದ್ದು ಇವೆರಡೂ ಕೂಡಿದ ಪಟ್ಟಿಗೆ. ಮೊದಲ ಸಲ ಮಾಮೂಲಿ ವೇಗದಲ್ಲಿ ನೋಡಿ. ಎರಡನೇ ಸಲ ಧ್ವನಿ ತೆಗೆದು, ನಿಧಾನಗತಿಯಲ್ಲಿ, ಸುಡೋ ಅವರ ಕಾಲುಗಳು ಎಲ್ಲಿಂದ ಎಲ್ಲಿಗೆ ಹೋದವು ಎಂಬುದನ್ನಷ್ಟೇ ನೋಡಿ. ವ್ಯಾಖ್ಯಾನಕಾರರ ಕೂಗು ಇಲ್ಲದಿರುವಾಗ ಕಣ್ಣು ಚುರುಕಾಗುತ್ತದೆ.

ಕೌಶಲ ಎಷ್ಟು ಗಟ್ಟಿ ಎಂಬುದು ಮನದಟ್ಟಾದ ಮೇಲೆ ಆಡಂಬರದ ಕಡೆಗೆ ಬನ್ನಿ. 2003ರ ಡಿಸೆಂಬರ್ 31ರಂದು ನಗೋಯಾದಲ್ಲಿ, ಜಪಾನಿನ ಕಾಳಗ ಕ್ರೀಡೆಗಳ ಕೆ-1 ಸಂಸ್ಥೆಯ ವರ್ಷಾಂತ್ಯದ ಕೂಟದಲ್ಲಿ, ಸುಡೋ ಎದುರಿಸಿದ್ದು ಬಟರ್‌ಬೀನ್ ಎಂದೇ ಹೆಸರಾದ ಅಮೆರಿಕದ ಬಾಕ್ಸರ್ ಎರಿಕ್ ಎಶ್ ಅವರನ್ನು. ಎದುರಾಳಿಯ ತೂಕ ಸುಡೋ ಅವರ ತೂಕದ ಇಮ್ಮಡಿಗೂ ಹೆಚ್ಚು. ಜಪಾನಿನಲ್ಲಿ ಹೊಸ ವರ್ಷದ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂರುವ ಹೊತ್ತು. ಇಂಥ ಅಸಮ ಜೋಡಿಗಳನ್ನು ಆ ಕಾಲದ ಆಯೋಜಕರು ಬೇಕೆಂದೇ ಕಟ್ಟುತ್ತಿದ್ದರು. ಅಂಥ ಜೋಡಿ ಕಟ್ಟುವುದು ಸರಿಯೆಂದು ನಾನು ಹೇಳಲಾರೆ, ಆದರೆ ಆ ಪಂದ್ಯದಲ್ಲಿ ಕಲಿಯುವುದು ಬಹಳವಿದೆ. ಹಾರಿ ಎರಡೂ ಕಾಲುಗಳಿಂದ ಒದೆಯುವ ಡ್ರಾಪ್‌ಕಿಕ್ ನೋಡಿ ನಗು ಬರಬಹುದು. ನಗುವ ಬದಲು ದೂರವನ್ನು ಅಳೆಯಿರಿ. ಒಂದೇ ಗುದ್ದಿನಿಂದ ಕೆಡವಬಲ್ಲ ಮನುಷ್ಯನ ಕೈಗೆಟಕದಂತೆ ಸುಡೋ ಸುತ್ತುತ್ತಾರೆ; ದೊಡ್ಡ ದೇಹ ತಿರುಗುವುದಕ್ಕೆ ತೆಗೆದುಕೊಳ್ಳುವ ಹೊತ್ತನ್ನೇ ಬಳಸಿಕೊಂಡು, ಎರಡನೇ ಸುತ್ತಿನ ಮೊದಲ ನಿಮಿಷದೊಳಗೆ ಹೀಲ್ ಹುಕ್ ಹಾಕಿ ಗೆಲ್ಲುತ್ತಾರೆ. ಎದುರಾಳಿಯ ಕಾಲನ್ನು ತಮ್ಮ ಎರಡು ಕಾಲುಗಳ ನಡುವೆ ಸಿಕ್ಕಿಸಿ ಹಿಮ್ಮಡಿಯನ್ನು ತಿರುಚುವ ಪಟ್ಟು ಅದು. ತಿರುಚುವುದು ಹಿಮ್ಮಡಿಯನ್ನಾದರೂ ಪೆಟ್ಟು ಬೀಳುವುದು ಮಂಡಿಯ ಅಸ್ಥಿರಜ್ಜುಗಳಿಗೆ, ಮತ್ತು ನೋವು ಗೊತ್ತಾಗುವಷ್ಟರಲ್ಲಿ ರಜ್ಜು ಹರಿದಿರಬಹುದು. ವಿಡಿಯೊ ನೋಡಿ ಗೆಳೆಯರ ಮೇಲೆ ಇದನ್ನು ದಯವಿಟ್ಟು ಪ್ರಯೋಗಿಸಬೇಡಿ. ಗುರುಗಳ ಕಣ್ಣೆದುರಿಗಲ್ಲದೆ ಕಲಿಯಬಾರದ ಪಟ್ಟು ಇದು.

ಇದೇ ಹೀಲ್ ಹುಕ್ 2005ರ ಮಾರ್ಚ್‌ನಲ್ಲಿ ಕೆ-1 ಸಂಸ್ಥೆಯದೇ ಹೀರೋಸ್ ಎಂಬ ಎಂಎಂಎ ಕೂಟದಲ್ಲಿ ಮತ್ತೆ ಕಾಣುತ್ತದೆ. ಆ ಸಲ ಎದುರಿಗಿದ್ದವರು ಥಾಯ್ಲೆಂಡಿನ ಗುದ್ದು-ಒದೆತದ ಕಲೆಯಾದ ಮುಯ್ ಥಾಯ್‌ನಲ್ಲಿ ಜಗದ್ವಿಖ್ಯಾತರಾದ ನೆದರ್ಲೆಂಡ್ಸ್‌ನ ರಮೋನ್ ಡೆಕ್ಕರ್ಸ್. ಒಂದು ವರ್ಷ ಹಿಂದಕ್ಕೆ ಹೋಗಿ 2004ರ ಮೇ 22ರ ಸೈತಾಮಾ ಪಂದ್ಯವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಜಿಯು-ಜಿತ್ಸು ಮನೆತನದ ರಾಯ್ಲರ್ ಗ್ರೇಸಿ ಅವರನ್ನು ಸುಡೋ ಗುದ್ದಿನಿಂದಲೇ ಕೆಡವಿದರು. ಗುದ್ದಾಟದ ದಿಗ್ಗಜನನ್ನು ಪಟ್ಟಿನಿಂದ, ಪಟ್ಟಿನ ಪರಂಪರೆಯವರನ್ನು ಗುದ್ದಿನಿಂದ ಸೋಲಿಸಿದ ಈ ಜೋಡಿ ಪಂದ್ಯಗಳನ್ನು ಒಂದೇ ಕೂರಿಕೆಯಲ್ಲಿ ನೋಡಿದವರಿಗೆ ಸುಡೋ ಅವರ ವಿಧಾನದ ತಿರುಳು ತಾನಾಗಿ ಗೊತ್ತಾಗುತ್ತದೆ. ಎದುರಾಳಿ ಯಾವುದಕ್ಕೆ ಸಿದ್ಧನಾಗಿ ಬಂದಿದ್ದಾನೋ ಅದನ್ನು ಬಿಟ್ಟು ಬೇರೆಯದನ್ನೇ ಕೊಡುವುದು ಅವರ ರೀತಿ. ಪಂದ್ಯದ ನಡುವೆ ಎದುರಾಳಿಗೆ ಬೆನ್ನು ತಿರುಗಿಸಿ ನಿಲ್ಲುವುದು, ಇದ್ದಕ್ಕಿದ್ದಂತೆ ರೋಬಾಟಿನಂತೆ ಆಡುವುದು, ಗಿರಕ್ಕನೆ ಸುತ್ತಿ ಮುಷ್ಟಿಯ ಹಿಂಬದಿಯಿಂದ ಬಾರಿಸುವುದು, ಎಲ್ಲವೂ ಇದೇ ಲೆಕ್ಕಾಚಾರಕ್ಕೆ ಸೇರಿದವು. ಬೆನ್ನು ಕೊಡುವುದು ಅಪಾಯಕರ. ಆದರೆ ಕಣ್ಣೆದುರು ಬೆನ್ನು ಕಂಡ ಎದುರಾಳಿ ಒಂದು ಕ್ಷಣ ಅನುಮಾನಿಸಿಯೇ ಅನುಮಾನಿಸುತ್ತಾನೆ. ಆ ಒಂದು ಕ್ಷಣವನ್ನು ಗುರುತಿಸುವುದೇ ಈ ಪಂದ್ಯಗಳನ್ನು ನೋಡುವವರ ಕೆಲಸ.

ಸೋಲುಗಳನ್ನೂ ಬಿಡಬಾರದು. 2003ರ ಯುಎಫ್‌ಸಿ 42ರಲ್ಲಿ ಡ್ವೇನ್ ಲುಡ್ವಿಗ್ ಅವರ ಮೇಲೇರಿ ಸುಡೋ ಹಿಡಿತ ಸಾಧಿಸಿದ್ದಾಗ, ಲುಡ್ವಿಗ್ ಅವರ ಗಾಯವನ್ನು ಪರೀಕ್ಷಿಸಲೆಂದು ರೆಫರಿ ಪಂದ್ಯ ನಿಲ್ಲಿಸಿದರು, ಬಳಿಕ ಇಬ್ಬರನ್ನೂ ಎದ್ದು ನಿಲ್ಲಿಸಿಯೇ ಆಟ ಮುಂದುವರಿಸಿದರು. ನೆಲದ ಮೇಲೆ ಕಷ್ಟಪಟ್ಟು ಗಳಿಸಿದ ಸ್ಥಾನ ಕೈತಪ್ಪಿತು. ತೀರ್ಪುಗಾರರಲ್ಲಿ ಬಹುಮತ ಲುಡ್ವಿಗ್ ಕಡೆಗಾಯಿತು. ನನ್ನ ಪ್ರಕಾರ ಅದು ಸುಡೋ ಅವರಿಗಾದ ಅನ್ಯಾಯ. 2005ರ ಡಿಸೆಂಬರ್ 31ರಂದು ಹೀರೋಸ್ ಕೂಟದ ಅಂತಿಮ ಪಂದ್ಯದಲ್ಲಿ ನೊರಿಫುಮಿ ‘ಕಿಡ್’ ಯಮಾಮೊಟೊ ಅವರೆದುರಿನ ಸೋಲು ಬೇರೆ ಬಗೆಯದು. ಯಮಾಮೊಟೊ ಅನುಮಾನಿಸುವ ಆಸಾಮಿಯೇ ಅಲ್ಲ, ತೆರಪು ಕಂಡಲ್ಲಿ ನುಗ್ಗುವವರು. ಸುಡೋ ಅವರ ವಿಧಾನಕ್ಕೆ ಇರುವ ಮಿತಿ ಈ ಪಂದ್ಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಕೊನೆಯ ಪಂದ್ಯ 2006ರ ಡಿಸೆಂಬರ್ 31ರಂದು, ಒಸಾಕದಲ್ಲಿ. ಇದನ್ನು ಪ್ರವೇಶದಿಂದ ಆರಂಭಿಸಿ, ಗೆದ್ದ ನಂತರದ ನಿಮಿಷಗಳವರೆಗೂ ಪೂರ್ತಿಯಾಗಿ ನೋಡಿ. ಡಮೇಸಿಯೊ ಪೇಜ್ ಅವರನ್ನು ಟ್ರಯಾಂಗಲ್‌ನಿಂದಲೇ ಮಣಿಸಿದ 28ರ ಹರೆಯದ ಸುಡೋ, ಆ ರಿಂಗಿನಲ್ಲಿಯೇ ನಿವೃತ್ತಿ ಘೋಷಿಸಿದರು. ಹಲವು ದೇಶಗಳ ಧ್ವಜಗಳನ್ನು ಒಟ್ಟಿಗೆ ಹೊಂದಿಸಿ ‘ನಾವೆಲ್ಲರೂ ಒಂದೇ’ ಎಂಬರ್ಥದ ಇಂಗ್ಲಿಷ್ ಸಾಲನ್ನು ಬರೆದ ಬಾವುಟವನ್ನು ಅವರು ತಮ್ಮ ಪಂದ್ಯಗಳ ನಂತರ ಬಿಡಿಸಿ ಹಿಡಿಯುತ್ತಿದ್ದರು; ಎದುರಾಳಿಯನ್ನು ಕೆಡವಿದ ಕೈಗಳೇ ಅದನ್ನು ಹಿಡಿದಿರುವುದನ್ನು ಗಮನಿಸಿ.

ಮುಂದಿನ ಬದುಕನ್ನು ತಿಳಿಯಲು 2009ರಲ್ಲಿ ಅವರು ಕಟ್ಟಿದ ವರ್ಲ್ಡ್ ಆರ್ಡರ್ ಎಂಬ ಸಂಗೀತ-ನೃತ್ಯ ತಂಡದ ವಿಡಿಯೊಗಳಿಗೆ ಹೋಗಬೇಕು. 2011ರ ಭೂಕಂಪ ಮತ್ತು ಸುನಾಮಿಯ ಬಳಿಕ ಬಂದ ‘ಮಷೀನ್ ಸಿವಿಲೈಸೇಷನ್’ ಮೊದಲು ನೋಡತಕ್ಕದ್ದು: ಸೂಟು ಧರಿಸಿದ ಗಂಡಸರು ಜನರ ನಡುವೆ ಒಂದೇ ಯಂತ್ರದ ಬಿಡಿಭಾಗಗಳಂತೆ ನಡೆಯುತ್ತಾರೆ, ಮತ್ತು ರಿಂಗಿನ ಪ್ರವೇಶಗಳನ್ನು ನೋಡಿದವರಿಗೆ ಸುಡೋ ಅವರ ಚಲನೆಯ ಪರಿಚಯ ಆಗಲೇ ಇರುತ್ತದೆ. ರಾಜಕೀಯದ ಭಾಗಕ್ಕೆ ಸುದ್ದಿ ವರದಿಗಳನ್ನು ಓದಿದರೆ ಸಾಕು; 2019ರಲ್ಲಿ ಅವರು ಜಪಾನ್ ಸಂಸತ್ತಿನ ಮೇಲ್ಮನೆಗೆ ಆಯ್ಕೆಯಾದರು, 2024ರಲ್ಲಿ ಆ ಸ್ಥಾನವನ್ನು ತೊರೆದು ಟೋಕಿಯೊದ 15ನೇ ಕ್ಷೇತ್ರದ ಉಪಚುನಾವಣೆಯಲ್ಲಿ ಪಕ್ಷೇತರರಾಗಿ ಸ್ಪರ್ಧಿಸಿ ಎರಡನೇ ಸ್ಥಾನ ಪಡೆದರು.