ಟೊಮೆಟೊ ಕುಡಿ ಮುರುಟಿದೆಯೇ? ಬೋರಾನ್ ಕೊಡುವ ಮುನ್ನ ಇಷ್ಟು ನೋಡಿ

ಕೊಪ್ಪಳದ ಕಡೆ ಟೊಮೆಟೊ ಹಾಕಿದವರಿಗೆ ಇದು ಹೊಸದೇನಲ್ಲ. ಗಿಡದ ತುಂಬ ಹೂ, ಆದರೆ ಕಾಯಿ ಕಚ್ಚುವುದಿಲ್ಲ. ಇನ್ನೊಂದು ಚೀಲ ಯೂರಿಯಾ ಸುರಿಯುವ ಮೊದಲು ಗಿಡದ ಕುಡಿ ನೋಡಿ.

ಹೂ ಕಾಯಿ ಕಚ್ಚಲು ಗಿಡಕ್ಕೆ ಚೂರೇ ಚೂರು ಬೇಕಾದ ಪೋಷಕಾಂಶ ಬೋರಾನ್. ಅದು ಬೇರಿನಿಂದ ನೀರಿನ ಜೊತೆ ಮೇಲೇರುತ್ತದೆ. ಟೊಮೆಟೊದಲ್ಲಿ ಒಮ್ಮೆ ಎಲೆ ಸೇರಿತೋ, ಹೆಚ್ಚುಕಡಿಮೆ ಅಲ್ಲೇ ಠಿಕಾಣಿ. ಹಳೆ ಎಲೆಯಿಂದ ಹೊಸ ಕುಡಿಗೆ ಕೈಸಾಲವೂ ಸಿಗುವುದಿಲ್ಲ. ಅದಕ್ಕೇ ಕೆಳಗಿನ ಎಲೆ ಹಸಿರಾಗಿದ್ದರೂ ಸುಳಿ ಮುರುಟುತ್ತದೆ. ಎಲೆಯ ತೊಟ್ಟನ್ನು ಮೆಲ್ಲಗೆ ಬಗ್ಗಿಸಿ. ಬಾಗದೆ ಲಟಕ್ಕನೆ ಮುರಿದರೆ, ಕಾಯಿಯ ತೊಟ್ಟಿನ ಸುತ್ತ ಕಂದು ಬಣ್ಣದ, ಬೆಂಡಿನಂಥ ಒರಟು ಕಲೆ ಇದ್ದರೆ ಬೋರಾನ್ ಕೊರತೆ ಇರಬಹುದು. ಎಲೆಯಡಿ ಬಿಳಿನೊಣ ಕಂಡರೆ ಮಾತ್ರ ಎಲೆ ಮುಟುರು ರೋಗವೇ ಇರಬಹುದು, ಅದಕ್ಕೆ ಬೋರಾನ್ ಮದ್ದಲ್ಲ.

ಬೋರಾನ್ ಕಡಿಮೆಯಾದರೆ ಕ್ಯಾಲ್ಸಿಯಂ, ಪೊಟ್ಯಾಶ್ ಕೂಡ ಹೊಸ ಎಲೆಗೆ, ಕಾಯಿಗೆ ಸರಿಯಾಗಿ ತಲುಪುವುದಿಲ್ಲ. ದುಡ್ಡು ಕೊಟ್ಟು ಹಾಕಿದ ಗೊಬ್ಬರ ಸುಮ್ನೆ ಹೋಗುತ್ತದೆ, ಅಲ್ವಾ?

ಇನ್ನು ಮಣ್ಣಿನ ವಿಚಾರ. ಸುಣ್ಣ ಜಾಸ್ತಿ ಇರುವ ಎರೆ ಹೊಲದಲ್ಲಿ ಬೋರಾನ್ ಇದ್ದರೂ ಬೇರಿಗೆ ಸುಲಭಕ್ಕೆ ಸಿಗದು. ಮಸಾರಿಯಲ್ಲಿ, ಅಂದರೆ ಮರಳು ಬೆರೆತ ಕೆಂಪು ನೆಲದಲ್ಲಿ, ಮಳೆಗೆ ತೊಳೆದು ಹೋಗುತ್ತದೆ. ಎರಡರಲ್ಲೂ ನೆಲ ಒಣಗಿದರೆ ಸರಬರಾಜು ಬಂದ್. ಹಾಗಾಗಿ ಮೊದಲು ಡ್ರಿಪ್ ಸರಿಯಾಗಿ ಹನಿಯುತ್ತಿದೆಯಾ ನೋಡಿ.

ಮುಂದಿನ ಬೆಳೆಗೆ ಮಣ್ಣು ಪರೀಕ್ಷೆ ಮಾಡಿಸಿ. ಎಂಟು-ಹತ್ತು ಕಡೆ ಆರು ಇಂಚು ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆಜಿ ಕೊಡಿ. ಬೋರಾನ್ 0.5 ಪಿಪಿಎಂಗಿಂತ (ಹತ್ತು ಲಕ್ಷ ಪಾಲು ಮಣ್ಣಿಗೆ ಅರ್ಧ ಪಾಲು) ಕಡಿಮೆ ಬಂದರೆ ಎಕರೆಗೆ 4 ಕೆಜಿ ಬೊರಾಕ್ಸ್ ಸಾಕು. ಅಕ್ಕಸಾಲಿಗರ ಬಿಳಿಗಾರವೂ ಇದೇ ಬೊರಾಕ್ಸ್. ತಿಪ್ಪೆಗೊಬ್ಬರದಲ್ಲಿ ಕಲಸಿ ಎರಚಿದರೆ ಹೊಲಕ್ಕೆಲ್ಲ ಸಮನಾಗಿ ಬೀಳುತ್ತದೆ.

ನಿಂತ ಬೆಳೆಗೆ ಸಿಂಪರಣೆಯೇ ದಾರಿ. ಶೇ 20ರ ಬೋರಾನ್ ಪುಡಿಯನ್ನು ಲೀಟರಿಗೆ 1 ಗ್ರಾಂನಂತೆ, 16 ಲೀಟರ್ ಪಂಪಿಗೆ 16 ಗ್ರಾಂ ತೂಗಿ ಹಾಕಿ. ಹೂ ಬಿಡುವ ಮುಂಚೆ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ. ಬಿಸಿಲು ಇಳಿದ ಮೇಲೆ ಹೊಡೆಯಿರಿ. ಕ್ಯಾಲ್ಸಿಯಂ ನೈಟ್ರೇಟ್ ಅದೇ ಟ್ಯಾಂಕಿಗೆ ಬೇಡ, ಗಸಿ ಕಟ್ಟೀತು.

ತೂಗಿ ಎಂದದ್ದಕ್ಕೆ ಕಾರಣವಿದೆ. ನಾನೊಮ್ಮೆ ಮುಚ್ಚಳದ ಅಳತೆಯಲ್ಲಿ ಸುರಿದು, ಒಂದು ಸಾಲು ಗಿಡದ ಎಲೆ ಅಂಚನ್ನೆಲ್ಲ ಸುಟ್ಟುಕೊಂಡೆ. ಸಾಕಷ್ಟು ಮತ್ತು ಜಾಸ್ತಿ ಎಂಬುದರ ನಡುವೆ ಇಲ್ಲಿ ಅಂತರ ಬಹಳ ಸಣ್ಣದು. ಬೋರ್‌ವೆಲ್ ನೀರು ಸವಳಾಗಿದ್ದರೆ ಅದರಲ್ಲೇ ಬೋರಾನ್ ಇರಬಹುದು, ನೀರನ್ನೂ ಪರೀಕ್ಷಿಸಿ.

ಸಿಂಪಡಿಸಿದ ಮೇಲೆ ಹಳೆ ಕಾಯಿಯ ಕಲೆ ಹೋಗುವುದಿಲ್ಲ. ಹೊಸದಾಗಿ ಬಂದ ಎಲೆಯ ತೊಟ್ಟನ್ನು ಮತ್ತೊಮ್ಮೆ ಬಗ್ಗಿಸಿ ನೋಡಿ.