ಔಟರ್ ವೈಲ್ಡ್ಸ್: ಶಿಪ್ ಲಾಗ್ ತುಂಬಿಸಿದ್ದು, ಸೂರ್ಯನ ಪಕ್ಕಕ್ಕೆ ಹೋಗಿಬಂದದ್ದು

ಈ ವಿಡಿಯೋ ಗೇಮ್‌ನಲ್ಲಿ ಮೊದಲ ಸಲ ಸೂರ್ಯ ಸಿಡಿದಾಗ ನಾನು ಒಂದು ಗುಹೆಯಲ್ಲಿದ್ದೆ. ಗೋಡೆಯ ಮೇಲಿನ ಬರಹ ಓದುತ್ತಿದ್ದೆ. ಇದ್ದಕ್ಕಿದ್ದಂತೆ ಸಂಗೀತ ಬದಲಾಯಿತು. ಏನಾಗ್ತಿದೆ ಅಂತ ತಿಳಿಯುವಷ್ಟರಲ್ಲಿ ನೀಲಿ ಬೆಳಕು ಎಲ್ಲವನ್ನೂ ನುಂಗಿತು. ಕಣ್ಣು ಬಿಟ್ಟರೆ ಮತ್ತೆ ಅದೇ ಊರು, ಅದೇ ಬೆಂಕಿ, ಮೇಲೆ ಅದೇ ಆಕಾಶ. ವಿಜಯನಗರದ ನಮ್ಮ ಮನೆಯಲ್ಲಿ ಆಗ ರಾತ್ರಿ ಹನ್ನೊಂದೂವರೆ. ಬೆಳಿಗ್ಗೆ ಬೇಗ ಮೆಟ್ರೋ ಹಿಡಿಯಬೇಕಿತ್ತು. ಆದರೂ ಎದ್ದು ಹೋಗೋದಕ್ಕೆ ಮನಸ್ಸು ಬರಲಿಲ್ಲ.

ಔಟರ್ ವೈಲ್ಡ್ಸ್ ಬಂದಿದ್ದು 2019ರಲ್ಲಿ. ಅಲೆಕ್ಸ್ ಬೀಚಮ್ ಓದುವಾಗ ಶುರು ಮಾಡಿದ ಪ್ರಾಜೆಕ್ಟ್, ಆಮೇಲೆ ಮೊಬಿಯಸ್ ಡಿಜಿಟಲ್ ತಂಡದ ಕೈಯಲ್ಲಿ ಪೂರ್ತಿ ಆಟವಾಯಿತು. 2020ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆಯ ವರ್ಷದ ಅತ್ಯುತ್ತಮ ಆಟ ಪ್ರಶಸ್ತಿಯೂ ಸಿಕ್ಕಿತು. ನಿಮಗೊಂದು ಪುಟ್ಟ ನೌಕೆ ಕೊಡ್ತಾರೆ, ಒಂದು ಪುಟ್ಟ ಸೌರಮಂಡಲ ಇದೆ. 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲರೂ ಸಾಯ್ತಾರೆ, ಮತ್ತೆ ಮೊದಲಿನಿಂದ ಶುರು. ಬಂದೂಕಿಲ್ಲ, ಲೆವೆಲ್ ಇಲ್ಲ, ದುಡ್ಡು ಕೂಡಿಟ್ಟು ಕೊಳ್ಳೋದಕ್ಕೂ ಏನೂ ಇಲ್ಲ. ಒಂದು ಲೂಪ್‌ನಿಂದ ಇನ್ನೊಂದಕ್ಕೆ ನಿಮ್ಮ ಜೊತೆ ಬರೋದು ನಿಮಗೆ ಗೊತ್ತಾದದ್ದು ಮಾತ್ರ. ಅದಕ್ಕೇ ಈ ಆಟವನ್ನು ಯೂಟ್ಯೂಬ್ ನೋಡಿಕೊಂಡು ಮುಗಿಸಬೇಡಿ ಅಂತ ಕೈಮುಗಿದು ಕೇಳ್ತೀನಿ. ಇನ್ನೂ ಆಡಿಲ್ಲ ಅಂದ್ರೆ ಇಲ್ಲಿಗೇ ನಿಲ್ಲಿಸಿ. ಮುಂದೆ ಕೆಲವು ಗುಟ್ಟು ಬಿಟ್ಟುಕೊಡ್ತೀನಿ.

ನಾನು ಹಿಂದೆ ಬಿದ್ದಿದ್ದು ಮುಖ್ಯವಾಗಿ ಎರಡು ಅಚೀವ್‌ಮೆಂಟ್‌ಗೆ, ಅಂದ್ರೆ ಗೊತ್ತಾದ ಸಾಹಸ ಮಾಡಿದರೆ ಆಟ ಕೊಡುವ ಬಿರುದಿಗೆ. ಒಂದು, ಶಿಪ್ ಲಾಗ್ ಪೂರ್ತಿ ತುಂಬಿಸೋದು. ಎರಡನೆಯದು, ಸೂರ್ಯನ ಪಕ್ಕದಲ್ಲೇ ಸುತ್ತುವ ಸನ್ ಸ್ಟೇಷನ್‌ಗೆ ನೌಕೆಯನ್ನು ಕೈಯಾರೆ ಓಡಿಸಿಕೊಂಡು ಹೋಗೋದು. ಮಿಕ್ಕವು ಹೆಚ್ಚುಕಮ್ಮಿ ಆಡ್ತಾ ಆಡ್ತಾ ಬಂದವು.

ಶಿಪ್ ಲಾಗ್ ಅಂದ್ರೆ ನೌಕೆಯ ಹಿಂಭಾಗದಲ್ಲಿರುವ ಕಂಪ್ಯೂಟರ್. ನೀವು ಓದಿದ್ದು, ನೋಡಿದ್ದು ಎಲ್ಲ ಅಲ್ಲಿ ಚೌಕ ಚೌಕವಾಗಿ ಕೂತು, ಗೆರೆಗಳಿಂದ ಒಂದಕ್ಕೊಂದು ಸೇರಿಕೊಂಡಿರುತ್ತೆ. ಎಲ್ಲಾದರೂ ಏನಾದರೂ ಬಾಕಿ ಇದ್ದರೆ ಅಲ್ಲಿ ಕಿತ್ತಳೆ ಬಣ್ಣದ ಗುರುತು. ಶುರುವಿನಲ್ಲಿ ನಾನು ಕಂಡ ಕಂಡ ಕಡೆ ಓಡ್ತಿದ್ದೆ. ಒಂದು ವಾರ ಹೀಗೇ ಹೋಯಿತು. ಆಮೇಲೆ ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಂದೆ. ಒಂದು ಲೂಪ್‌ಗೆ ಒಂದೇ ಪ್ರಶ್ನೆ ಅಂತ ನಿಯಮ ಮಾಡಿಕೊಂಡೆ. ಎಷ್ಟನೇ ನಿಮಿಷಕ್ಕೆ ಎಲ್ಲಿ ಏನು ಕಂಡಿತು ಅಂತ ಬರೆದಿಡೋಕೆ ಶುರು ಮಾಡಿದೆ. ಅಲ್ಲಿಂದ ಆಟ ಕೈಗೆ ಹತ್ತಿತು.

ಯಾಕಂದ್ರೆ ಇಲ್ಲಿ ಜಾಗದಷ್ಟೇ ಹೊತ್ತೂ ಮುಖ್ಯ. ಒಂದರ ಸುತ್ತ ಇನ್ನೊಂದು ತಿರುಗುವ ಎರಡು ಗ್ರಹಗಳಿವೆ. ಆ್ಯಶ್ ಟ್ವಿನ್‌ನ ಮರಳು ನಿಧಾನವಾಗಿ ಎಂಬರ್ ಟ್ವಿನ್‌ಗೆ ಸುರಿಯುತ್ತೆ. ಎಂಬರ್‌ನ ಗುಹೆಗಳನ್ನು ನೋಡಬೇಕಂದ್ರೆ ಮೊದಲೇ ಹೋಗಬೇಕು, ಇಲ್ಲದಿದ್ದರೆ ಮರಳು ಏರಿ ತಲೆಯನ್ನು ಚಾವಣಿಗೆ ಒತ್ತಿಬಿಡುತ್ತೆ. ಆ್ಯಶ್‌ನಲ್ಲಿ ಹೂತಿರುವ ಗೋಪುರಗಳು ಕಾಣಬೇಕಂದ್ರೆ ಮರಳು ಇಳಿಯೋವರೆಗೂ ಕಾಯಬೇಕು. ಇದು ಗೊತ್ತಾದ ಮೇಲೆ ನನ್ನ ಅರ್ಧ ಕಿತ್ತಳೆ ಗುರುತುಗಳು ಒಂದೇ ವಾರದಲ್ಲಿ ಮಾಯವಾದವು.

ಡಾರ್ಕ್ ಬ್ರ್ಯಾಂಬಲ್ ನನಗೆ ನಿಜಕ್ಕೂ ಭಯ ಹುಟ್ಟಿಸಿದ ಜಾಗ. ಮಂಜು, ಮುಳ್ಳು, ಅದರೊಳಗೆ ನೌಕೆಯನ್ನೇ ನುಂಗುವಷ್ಟು ದೊಡ್ಡ ಮೀನುಗಳು. ಏಳು ಸಲವೋ ಎಂಟು ಸಲವೋ ಬಾಯಿಗೆ ಬಿದ್ದೆ. ದಾರಿ ಸಿಕ್ಕಿದ್ದು ಎಂಬರ್ ಟ್ವಿನ್‌ನ ಗುಹೆಯೊಂದರಲ್ಲಿ. ಎರಡು ಲಕ್ಷಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿದ್ದ, ಈಗ ಅಳಿದುಹೋಗಿರುವ ನೊಮಾಯ್ ಅನ್ನೋ ಜನರ ಮಕ್ಕಳು ಮೀನಿನ ಪಳೆಯುಳಿಕೆಯ ಹತ್ತಿರ ಕಣ್ಣಾಮುಚ್ಚಾಲೆ ಥರದ ಒಂದು ಆಟ ಆಡ್ತಿದ್ದರು. ಅದರ ನಿಯಮಗಳನ್ನು ಓದ್ತಿದ್ದ ಹಾಗೆ ಹೊಳೆಯಿತು: ಮೀನಿಗೆ ಕಣ್ಣಿಲ್ಲ, ಶಬ್ದ ಮಾತ್ರ ಕೇಳುತ್ತೆ! ಮುಂದಿನ ಲೂಪ್‌ನಲ್ಲಿ ಮಂಜಿನೊಳಗೆ ಹೋಗುವ ಮುಂಚೆ ಸ್ವಲ್ಪ ವೇಗ ತಗೊಂಡು, ಬಟನ್‌ನಿಂದ ಬೆರಳು ತೆಗೆದು, ನೌಕೆಯನ್ನು ತೇಲಲು ಬಿಟ್ಟೆ. ಮೂರು ಮೀನುಗಳ ನಡುವೆ ನೌಕೆ ಜಾರಿಕೊಂಡು ಹೋಯಿತು. ಒಂದರ ಹಲ್ಲು ಗಾಜಿನ ಪಕ್ಕದಲ್ಲೇ ಕಂಡಿತು. ನನ್ನ ಕುರ್ಚಿ ಕಿರ್ ಅಂದಿದ್ದಕ್ಕೂ ನಾನು ಬೆಚ್ಚಿದೆ.

ಇನ್ನು ಸನ್ ಸ್ಟೇಷನ್. ಇದಕ್ಕೆ ಹತ್ತು ರಾತ್ರಿ ಹಿಡಿಯಿತು. ಸ್ಟೇಷನ್ ಸೂರ್ಯನಿಗೆ ಅಂಟಿಕೊಂಡ ಹಾಗೆ, ತುಂಬಾ ಜೋರಾಗಿ ಸುತ್ತುತ್ತೆ. ಒಳಗೆ ಹೋಗೋದಕ್ಕೆ ಬೇರೆ ದಾರಿಯೂ ಇದೆ, ಆದರೆ ಅಚೀವ್‌ಮೆಂಟ್ ಬರೋದು ನೌಕೆಯಲ್ಲಿ ಹೋದರೆ ಮಾತ್ರ. ಆಟೋಪೈಲಟ್ ನಂಬಬೇಡಿ, ದಾರಿಯಲ್ಲಿ ಸೂರ್ಯ ಅಡ್ಡ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ನಾನು ಮಾಡಿದ್ದು ಹೀಗೆ. ಎಚ್ಚರವಾದ ಕೂಡಲೇ ಹೊರಟೆ, ಯಾಕಂದ್ರೆ ಸೂರ್ಯ ಉಬ್ಬುತ್ತಾ ಹೋಗುತ್ತೆ, ತಡವಾದರೆ ಸ್ಟೇಷನ್ನೇ ಇರಲ್ಲ. ನೇರವಾಗಿ ನುಗ್ಗದೆ, ಹೊರಗಿನಿಂದ ಅದು ಸುತ್ತುವ ದಿಕ್ಕಿನಲ್ಲೇ ವೇಗ ಹಿಡಿದೆ. ಸ್ಟೇಷನ್ ಮೇಲೆ ಗುರಿ ಲಾಕ್ ಮಾಡಿ, ಅದರ ವೇಗಕ್ಕೆ ನೌಕೆಯ ವೇಗ ಸರಿಹೊಂದಿಸುವ ಬಟನ್ ಒತ್ತಿದೆ. ಬಿಟ್ಟೆ, ಸ್ವಲ್ಪ ಹತ್ತಿರ ಸರಿದೆ, ಮತ್ತೆ ಒತ್ತಿದೆ. ಸೂರ್ಯ ಎಳೆಯುತ್ತಲೇ ಇರುತ್ತೆ, ಆದ್ದರಿಂದ ನಡುನಡುವೆ ಅದರಿಂದ ಆಚೆಗೆ ತಳ್ಳಿಕೊಳ್ಳಬೇಕು. ಅವಸರ ಮಾಡಿದ ಪ್ರತಿ ಸಲವೂ ಸುಟ್ಟುಹೋದೆ. ಹತ್ತನೇ ರಾತ್ರಿ ನೌಕೆಯ ಒಂದು ಭಾಗ ಮುರಿದರೂ ಸ್ಟೇಷನ್‌ನ ಬದಿಗೆ ಹೋಗಿ ತಗುಲಿದೆ. ಜೆಟ್‌ಪ್ಯಾಕ್‌ನಲ್ಲಿ ಜಿಗಿದು ಒಳಗೆ ಹೋದೆ.

ಪರದೆಯ ಮೂಲೆಯಲ್ಲಿ ಅಚೀವ್‌ಮೆಂಟ್ ಬಂತು. ಅದನ್ನು ನಾನು ಸರಿಯಾಗಿ ನೋಡಲೂ ಇಲ್ಲ. ಒಳಗಿದ್ದ ಬರಹ ಓದ್ತಾ ನಿಂತುಬಿಟ್ಟೆ. ಅಲ್ಲಿಯವರೆಗೂ ಈ ಸ್ಟೇಷನ್ ಸೂರ್ಯನನ್ನು ಸಿಡಿಸುವ ಯಂತ್ರ, ಅದನ್ನು ನಿಲ್ಲಿಸಿದರೆ ಎಲ್ಲರೂ ಉಳೀತಾರೆ ಅಂದುಕೊಂಡಿದ್ದೆ. ಆ ಯಂತ್ರ ಕೆಲಸವೇ ಮಾಡಿರಲಿಲ್ಲ. ಸೂರ್ಯನಿಗೆ ವಯಸ್ಸಾಗಿತ್ತು, ಅಷ್ಟೇ.

ಮುಂದಿನ ಲೂಪ್‌ನಲ್ಲಿ ಬಾಕಿ ಕೆಲಸ ಯಾವುದೂ ಬೇಡ ಅನ್ನಿಸಿ ಎಂಬರ್ ಟ್ವಿನ್‌ಗೆ ಹೋಗಿ ಚರ್ಟ್ ಪಕ್ಕ ನಿಂತೆ. ಚರ್ಟ್ ನಕ್ಷತ್ರ ನೋಡ್ತಾ ಡ್ರಮ್ ಬಾರಿಸುವ ಸಂಶೋಧಕ. ಮೊದಲು ಮಾತಾಡಿಸಿದಾಗ ಖುಷಿಯಾಗಿರ್ತಾನೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ, ಇಷ್ಟೊಂದು ನಕ್ಷತ್ರ ಯಾಕೆ ಸಿಡೀತಿವೆ ಅಂತ ಗೊಂದಲ. ಇನ್ನೂ ತಡವಾದರೆ ಅವನಿಗೆ ಎಲ್ಲ ಅರ್ಥವಾಗಿ ನಡುಕ ಶುರುವಾಗುತ್ತೆ. ಇದರಿಂದ ಯಾವ ಅಚೀವ್‌ಮೆಂಟೂ ಸಿಗಲಿಲ್ಲ. ಆದರೂ ಸೂರ್ಯ ಸಿಡಿಯೋವರೆಗೂ ಅಲ್ಲೇ ಇದ್ದೆ. ಅವನನ್ನು ಒಬ್ಬನೇ ಬಿಟ್ಟು ಹೋಗೋದಕ್ಕೆ ಆಗಲಿಲ್ಲ.

ಕೊನೆಯ ಕಿತ್ತಳೆ ಗುರುತು ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಅಕ್ಕನ ಮಗಳು ಮನೆಗೆ ಬಂದಿದ್ದಳು, ಏಳನೇ ಕ್ಲಾಸು. ಅವಳ ಕಣ್ಣೆದುರೇ ಸೂರ್ಯ ಸಿಡಿಯಿತು.

"ಚಿಕ್ಕಮ್ಮ, ನಮ್ಮ ಸೂರ್ಯನೂ ಹೀಗೇ ಆಗ್ತಾನಾ?"

ಇಲ್ಲ ಕಣೇ ಅಂದೆ. ಹೀಗೆ ಸಿಡಿಯೋದಕ್ಕೆ ಸೂರ್ಯನ ಎಂಟು ಪಟ್ಟಾದರೂ ತೂಕ ಬೇಕು. ನಮ್ಮವನು ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಉಬ್ಬಿ ಕೆಂಪಾಗಿ, ಆಮೇಲೆ ಕುಗ್ಗಿ ತಣ್ಣಗಾಗ್ತಾನೆ. ನೆಹರು ತಾರಾಲಯಕ್ಕೆ ಕರ್ಕೊಂಡು ಹೋಗ್ತೀನಿ ಅಂತಲೂ ಹೇಳಿದೆ. ಅವಳಿಗೆ ಅದು ಬೇಕಿರಲಿಲ್ಲ. "ನಾನೂ ಆಡ್ಲಾ?" ಅಂದಳು.

ಹೊಸ ಆಟ ಶುರು ಮಾಡಿ ಕಂಟ್ರೋಲರ್ ಕೈಗೆ ಕೊಟ್ಟೆ. ನೋಟ್‌ಬುಕ್ ಎತ್ತಿ ಬೀರುವಿನಲ್ಲಿಟ್ಟೆ. ಬೆಂಕಿಯ ಪಕ್ಕ ಮಲಗಿದ್ದ ಆಟದ ಪಾತ್ರ ಕಣ್ಣು ಬಿಡುತ್ತಿದ್ದ ಹಾಗೆ ಆಕಾಶದಲ್ಲಿ ಹಸಿರು ಗ್ರಹದ ಹತ್ತಿರ ಏನೋ ಮಿಂಚಿತು. ನಾನು ಅದನ್ನು ಗಮನಿಸೋದಕ್ಕೆ ಎಷ್ಟೋ ಲೂಪ್ ಬೇಕಾಗಿತ್ತು.

"ಚಿಕ್ಕಮ್ಮ, ಮೇಲೆ ಏನೋ ಒಡೆದುಹೋಯ್ತು. ಏನದು?"

"ಹೋಗಿ ನೋಡು" ಅಂದೆ.