ವಾಹನದ ಬ್ಯಾಟರಿಯಿಂದ ಮನೆಯ ಉಪಕರಣ ನಡೆಸುವ ಮುನ್ನ

ವಾಹನಕ್ಕೆ ಇನ್ವರ್ಟರ್ ಕೊಳ್ಳುವವರು ಸಾಮಾನ್ಯವಾಗಿ ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಯನ್ನಷ್ಟೇ ನೋಡುತ್ತಾರೆ. ನಿಜವಾಗಿ ಲೆಕ್ಕ ಹಾಕಬೇಕಾದದ್ದು ಬ್ಯಾಟರಿಯಿಂದ ಹರಿಯುವ ಆಂಪಿಯರ್‌ಗಳನ್ನು, ಅಂದರೆ ವಿದ್ಯುತ್ ಪ್ರವಾಹದ ಪ್ರಮಾಣವನ್ನು. 1000 ವ್ಯಾಟ್‌ನ ಉಪಕರಣಕ್ಕೆ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 83 ಆಂಪಿಯರ್ ಬೇಕಾಗುತ್ತದೆ, ಇನ್ವರ್ಟರ್‌ನಲ್ಲೇ ಆಗುವ ನಷ್ಟವನ್ನು ಸೇರಿಸಿದರೆ ಅದು 90 ದಾಟುತ್ತದೆ. ಸಿಗರೇಟ್ ಲೈಟರ್ ಸಾಕೆಟ್‌ನ ಫ್ಯೂಸ್ ಹೆಚ್ಚಿನ ವಾಹನಗಳಲ್ಲಿ 10ರಿಂದ 20 ಆಂಪಿಯರ್‌ನದಾಗಿರುವುದರಿಂದ, ಅಲ್ಲಿಂದ ಲ್ಯಾಪ್‌ಟಾಪ್, ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್‌ಗಳಿಗಿಂತ ಹೆಚ್ಚಿನದಕ್ಕೆ ಆಸೆಪಡಬಾರದು. ಅದನ್ನು ಮೀರಿದ ಹೊರೆಗೆ ಇನ್ವರ್ಟರನ್ನು ದಪ್ಪನೆಯ, ಗಿಡ್ಡ ಕೇಬಲ್‌ಗಳಿಂದ ನೇರವಾಗಿ ಬ್ಯಾಟರಿಗೆ ಜೋಡಿಸಿ, ಪಾಸಿಟಿವ್ ತುದಿಯ ಸಮೀಪದಲ್ಲೇ ತಕ್ಕ ಫ್ಯೂಸ್ ಹಾಕಬೇಕು. ಇಸ್ತ್ರಿಪೆಟ್ಟಿಗೆ, ವಾಟರ್ ಹೀಟರ್‌ಗಳ ಯೋಚನೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಫ್ರಿಜ್‌ನಂತಹ ಮೋಟಾರ್ ಉಳ್ಳ ಉಪಕರಣಗಳು ಚಾಲೂ ಆಗುವ ಕ್ಷಣದಲ್ಲಿ ತಮ್ಮ ಸಾಮಾನ್ಯ ಬಳಕೆಯ ಹಲವು ಪಟ್ಟು ವಿದ್ಯುತ್ ಬೇಡುವುದರಿಂದ, ಅವುಗಳಿಗೆ ಆ ಕ್ಷಣದ ಹೊರೆಯನ್ನು ತಾಳಬಲ್ಲ ಪ್ಯೂರ್ ಸೈನ್‌ವೇವ್ (ಮನೆಯ ವಿದ್ಯುತ್ತಿನಂತೆಯೇ ನಯವಾದ ಅಲೆಯ ವಿದ್ಯುತ್ ಕೊಡುವ) ಇನ್ವರ್ಟರ್ ಆರಿಸುವುದು ಕ್ಷೇಮ.

ಇನ್ವರ್ಟರ್ ತಾನಾಗಿಯೇ ಆಫ್ ಆಗುತ್ತದೆಂದು ನೆಚ್ಚಬೇಡಿ. ಅನೇಕ ಇನ್ವರ್ಟರ್‌ಗಳು 10.5 ವೋಲ್ಟ್‌ನ ಆಸುಪಾಸಿನಲ್ಲಿ ನಿಲ್ಲುತ್ತವೆ. ಅಷ್ಟರಲ್ಲಿ ಎಂಜಿನ್ ಚಾಲೂ ಮಾಡುವ ಬಲ ಬ್ಯಾಟರಿಯಲ್ಲಿ ಉಳಿದಿರುವುದು ಅಪರೂಪ. ಹೊರೆ ಹೆಚ್ಚಿದ್ದಾಗ ಎಂಜಿನ್ ಓಡುತ್ತಿರಲಿ, ಆದರೆ ಮುಚ್ಚಿದ ಗ್ಯಾರೇಜಿನಲ್ಲಿ ಎಂದಿಗೂ ಬೇಡ: ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.